ಕಡಲಿನಿಂದೆದ್ದು ಸೀದಾ ವಿಮಾನ ಹತ್ತಬಾರದೇಕೆ?

ರಾಹುಕಾಲ ತಪ್ಪಿಸಲು ಅಗ್ಗದ ವಿಮಾನವನ್ನು ಬಿಟ್ಟು ದುಬಾರಿ ವಿಮಾನಕ್ಕೆ ಟಿಕೆಟ್ ತೆಗೆಯುವವರು ನಮ್ಮ ಶಿವಮೊಗ್ಗದಲ್ಲಿ ಈಗಲೂ ಇದ್ದಾರೆ. ಸ್ಕೂಬಾ ಡೈವಿಂಗ್‌ಗೆಂದು ಪರದೇಶಕ್ಕೆ ಹೊರಟಾಗ ಮಾತ್ರ, ನಿಜವಾಗಿ ನೋಡಬೇಕಾದ ಹೊತ್ತನ್ನು ಅವರು ನೋಡುವುದೇ ಇಲ್ಲ. ಅದು ಪಂಚಾಂಗದಲ್ಲಿ ಸಿಗುವಂಥದ್ದಲ್ಲ. ಕೊನೆಯ ಡೈವ್ ಮುಗಿಸಿ ನೀರಿನಿಂದ ಮೇಲೆ ಬಂದ ಗಳಿಗೆಗೂ ನೆಲ ಬಿಟ್ಟು ಎತ್ತರಕ್ಕೇರುವ ಗಳಿಗೆಗೂ ನಡುವೆ ಎಷ್ಟು ಗಂಟೆಗಳಿವೆ ಎಂಬ ಲೆಕ್ಕ ಅದು.

ಪರಿಚಿತರ ಮಗಳೊಬ್ಬಳು ತನ್ನ ಗೆಳತಿಯರ ಜೊತೆ ಹೊರಡಲಿದ್ದ ಪ್ರವಾಸದ ಪಟ್ಟಿಯನ್ನು ತೋರಿಸಿದಳು. ಶಿವಮೊಗ್ಗದಿಂದ ಬೆಂಗಳೂರು, ಕೊಲ್ಲಿಯಲ್ಲಿ ವಿಮಾನ ಬದಲಿಸಿ ಕೈರೋ, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಕೆಂಪು ಸಮುದ್ರದ ದಂಡೆಯ ಶರ್ಮ್ ಎಲ್ ಶೇಖ್. ನಾಲ್ಕು ದಿನ ಡೈವಿಂಗ್. ಕೊನೆಯ ದಿನಕ್ಕೆ 1941ರಲ್ಲಿ ಜರ್ಮನ್ ಬಾಂಬಿಗೆ ಸಿಕ್ಕಿ ಮುಳುಗಿದ ಥಿಸಲ್‌ಗಾರ್ಮ್ ಹಡಗು. ಅದು ಸುಮಾರು 30 ಮೀಟರ್ ಆಳದಲ್ಲಿ ಮಲಗಿದೆ. ಮಧ್ಯಾಹ್ನ ಮೂರೂವರೆಗೆ ನೀರಿನಿಂದ ಹೊರಗೆ, ಮರುದಿನ ರಾತ್ರಿ ವಿಮಾನ. “ನೋಡಿ ಸರ್, 24 ಗಂಟೆಗೂ ಹೆಚ್ಚು ಬಿಡುವು ಇಟ್ಟಿದ್ದೇವೆ” ಎಂದಳು. ನಿಜ, ಇಟ್ಟಿದ್ದರು. ಆದರೆ ಆ ಬಿಡುವನ್ನು ಸುಮ್ಮನೆ ಕಳೆಯಲು ಮನಸ್ಸಾಗದೆ ನಡುವೆ ಸಿನಾಯ್ ಪರ್ವತವನ್ನು ತುರುಕಿದ್ದರು. ರಾತ್ರಿ ಹತ್ತಕ್ಕೆ ವ್ಯಾನು, ಕತ್ತಲಲ್ಲೇ ಚಾರಣ, ಶಿಖರದಲ್ಲಿ ಸೂರ್ಯೋದಯ. ಶಿಖರದ ಎತ್ತರ 2,285 ಮೀಟರ್. ವಿಮಾನವೇ ಇಲ್ಲದೆ, ಕಾಲ್ನಡಿಗೆಯಲ್ಲಿ ವಿಮಾನ ಹತ್ತುವ ಯೋಜನೆ!

ಇದು ತಮಾಷೆಯ ಮಾತಲ್ಲ. ವಿಮಾನದ ಬಾಗಿಲು ಮುಚ್ಚಿದ ಮೇಲೆ ಒಳಗೆ ನೆಲದ ಮಟ್ಟದ ಗಾಳಿಯೇ ಇರುತ್ತದೆ ಎಂದು ಓದಿದವರೂ ನಂಬಿದ್ದಾರೆ. ಹಾಗಿರುವುದಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಗಾಳಿ ತೀರಾ ತೆಳುವಾಗಿರುತ್ತದೆ. ಒಳಗೆ ಪೂರ್ತಿ ಒತ್ತಡ ಉಳಿಸಿಕೊಳ್ಳಬೇಕಾದರೆ ವಿಮಾನದ ಮೈ ಇನ್ನಷ್ಟು ದಪ್ಪವಾಗಿ, ಭಾರವಾಗಿ ಇರಬೇಕಾಗುತ್ತದೆ. ಆದ್ದರಿಂದ ಒಳಗಿನ ಒತ್ತಡವನ್ನು 8,000 ಅಡಿಯ, ಅಂದರೆ ಸುಮಾರು 2,400 ಮೀಟರ್ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಲು ಬಿಡುತ್ತಾರೆ. ಸಮುದ್ರಮಟ್ಟದ ಒತ್ತಡದಲ್ಲಿ ಅದು ಮುಕ್ಕಾಲು ಪಾಲು. ಬೋಯಿಂಗ್ 787, ಏರ್‌ಬಸ್ ಎ350ಗಳಲ್ಲಿ ಸ್ಥಿತಿ ತುಸು ಮೇಲು, ಸುಮಾರು 6,000 ಅಡಿಯ ಮಟ್ಟ. ಅನುಮಾನವಿದ್ದರೆ ಅಮ್ಮ ಕಟ್ಟಿಕೊಟ್ಟ ಕೋಡುಬಳೆಯ ಮೊಹರಾದ ಪೊಟ್ಟಣವನ್ನು ವಿಮಾನ ಮೇಲೇರಿದ ಅರ್ಧ ಗಂಟೆಯ ನಂತರ ತೆಗೆದು ನೋಡಬಹುದು. ಅದು ಬಿಗಿದು ಉಬ್ಬಿರುತ್ತದೆ.

ಉಬ್ಬುವುದು ಪೊಟ್ಟಣವಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿ ಸೇರುತ್ತದೆ. ಮೇಲೆ ಬಂದಾಗ ಅದು ಬಂದ ದಾರಿಯಲ್ಲೇ, ಶ್ವಾಸಕೋಶದ ಮೂಲಕ, ನಿಧಾನವಾಗಿ ಹೊರಹೋಗಬೇಕು. ಒತ್ತಡ ಹಠಾತ್ತನೆ ಕುಸಿದರೆ ಕರಗಿದ್ದ ಸಾರಜನಕ ಇದ್ದಲ್ಲೇ ಗುಳ್ಳೆಯಾಗುತ್ತದೆ.

ಈ ಗುಳ್ಳೆಯನ್ನು ಮೊದಲು ಕಂಡವರು ರಾಬರ್ಟ್ ಬಾಯ್ಲ್. ಗಾಳಿ ಹೊರತೆಗೆದ ಪಾತ್ರೆಯಲ್ಲಿಟ್ಟ ವಿಷಸರ್ಪವೊಂದರ ಕಣ್ಣಿನೊಳಗೆ ಗುಳ್ಳೆ ಓಡಾಡುವುದನ್ನು ಅವರು 1670ರಲ್ಲೇ ಬರೆದಿಟ್ಟರು. ಅದರ ಕೆಡುಕು ಮನುಷ್ಯರಿಗೆ ತಿಳಿದದ್ದು ನದಿಯ ತಳದಲ್ಲಿ, ನೀರು ನುಗ್ಗದಂತೆ ಒತ್ತಡದ ಗಾಳಿ ತುಂಬಿದ ಕೋಣೆಯೊಳಗೆ ನಿಂತು ಸೇತುವೆಯ ಅಡಿಪಾಯ ತೋಡುವಾಗ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಈ ಗುಳ್ಳೆಗಳಿಂದ ಬರುವ ಕಾಯಿಲೆಯಿಂದಲೇ (ಡಿಕಂಪ್ರೆಷನ್ ಸಿಕ್‌ನೆಸ್) ಹಾಸಿಗೆ ಹಿಡಿದರು. ಮುಂದೆ ಕೆಲಸಗಾರರಿಗೆ ಅವರ ಸೂಚನೆಗಳನ್ನು ಮುಟ್ಟಿಸುತ್ತ ನಿರ್ಮಾಣ ನಡೆಸಿದವರು ಹೆಂಡತಿ ಎಮಿಲಿ. 1878ರಲ್ಲಿ ಫ್ರಾನ್ಸಿನ ಪಾಲ್ ಬರ್ಟ್ ತಪ್ಪು ಸಾರಜನಕದ್ದೆಂದು ತೋರಿಸಿದರು. ಪರಿಹಾರ ಹುಡುಕಿದ್ದು ಜಾನ್ ಸ್ಕಾಟ್ ಹಾಲ್ಡೇನ್, ಅದೂ ಆಡುಗಳ ಮೇಲೆ. ಒತ್ತಡದ ಕೋಣೆಯಿಂದ ಹೊರಬಂದ ಆಡು ಮುಂಗಾಲೊಂದನ್ನು ಎತ್ತಿ ಹಿಡಿದರೆ ಕೀಲಿನಲ್ಲಿ ನೋವಿದೆ ಎಂದರ್ಥ. 1908ರಲ್ಲಿ ಹಾಲ್ಡೇನ್ ತಂಡ ಕೊಟ್ಟ ಸೂತ್ರ ಸರಳ: ಒತ್ತಡವನ್ನು ಒಮ್ಮೆಗೆ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ.

ಈ ಸೂತ್ರವನ್ನು ಶರ್ಮ್ ಎಲ್ ಶೇಖಿಗೆ ಹಚ್ಚಿ ನೋಡೋಣ. ಡೈವ್ ಮುಗಿದಾಗ ದೇಹದ ಒಂದು ಭಾಗದಲ್ಲಿ 1.6 ವಾತಾವರಣದಷ್ಟು ಗಾಳಿ ಕರಗಿ ಉಳಿದಿದೆ ಎನ್ನೋಣ. ದಂಡೆಯಲ್ಲಿ ಹೊರಗಿನ ಒತ್ತಡ 1. ಅನುಪಾತ 1.6, ಹಾಲ್ಡೇನರ ಗೆರೆಯೊಳಗೆ. ಹುಡುಗಿ ನಗುತ್ತ ಊಟ ಮಾಡುತ್ತಾಳೆ. ಅದೇ ದೇಹವನ್ನು ಆಗಲೇ 0.75 ವಾತಾವರಣದ ವಿಮಾನದೊಳಗೆ ಕೂರಿಸಿದರೆ ಅನುಪಾತ 2.13. ಗೆರೆ ದಾಟಿತು. ಇಂದಿನ ಲೆಕ್ಕಾಚಾರ ಇಷ್ಟು ಒರಟಲ್ಲ, ಒಂದೊಂದು ಭಾಗಕ್ಕೆ ಒಂದೊಂದು ಗೆರೆಯಿದೆ. ಆದರೂ ಅಪಾಯದ ಹುರುಳು ಇಷ್ಟೇ.

ಹಾಗಾದರೆ ಎಷ್ಟು ಹೊತ್ತು ಕಾಯಬೇಕು? ಇಲ್ಲಿಯೇ ಬಹಳ ಮಂದಿ ಎಡವುವುದು. ನೋವಿಲ್ಲ, ಸುಸ್ತಿಲ್ಲ, ಚೆನ್ನಾಗಿ ನಿದ್ದೆ ಬಂತು, ಇನ್ನೇನು ಎಂಬ ವಾದ. ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗವನ್ನು ಕಂಡವರು ಹೀಗೆ ವಾದಿಸಲಾರರು. ತೆಳು ಪಂಚೆ ಒಂದೇ ಮಳೆಗೆ ತೊಯ್ದು ತೊಪ್ಪೆಯಾಗುತ್ತದೆ, ಒಲೆಯ ಕಾವಿಗೆ ಬೇಗ ಒಣಗುತ್ತದೆ. ಕಂಬಳಿ ಒಂದು ಮಳೆಗೆ ಜಗ್ಗುವುದಿಲ್ಲ. ನಾಲ್ಕು ದಿನ ಬಿಡದೆ ಹೊದ್ದು ಗದ್ದೆಗೆ ಹೋದರೆ ಮಾತ್ರ ಒಳಗಿನವರೆಗೆ ನೀರು ಕುಡಿಯುತ್ತದೆ. ಕುಡಿದದ್ದನ್ನು ಬಿಟ್ಟುಕೊಡಲು ಅಷ್ಟೇ ಸತಾಯಿಸುತ್ತದೆ. ಮೇಲೆ ಕೈಯಾಡಿಸಿದರೆ ಒಣಗಿದಂತೆಯೇ ಇರುತ್ತದೆ, ಹಿಂಡಿದರೆ ನೀರು. ರಕ್ತ ಧಾರಾಳವಾಗಿ ಹರಿಯುವ ಮಿದುಳಿನಂಥವು ಪಂಚೆಯ ಜಾತಿ. ಕೊಬ್ಬು, ಕೀಲುಗಳ ಸುತ್ತಲಿನ ಭಾಗಗಳು ಕಂಬಳಿಯ ಜಾತಿ. ನಾಲ್ಕು ದಿನದ ಡೈವಿಂಗ್ ಎಂದರೆ ನೆನೆದದ್ದು ಕಂಬಳಿ.

ಜ್ಯೂರಿಕ್ಕಿನ ಆಲ್ಬರ್ಟ್ ಬ್ಯೂಲ್ಮನ್ ಇದನ್ನು ಹದಿನಾರು ಕಾಲ್ಪನಿಕ ಅಂಗಾಂಶಗಳ ಲೆಕ್ಕವಾಗಿ ಕಟ್ಟಿದರು. ಡೈವಿಂಗ್‌ನವರು ಮಣಿಕಟ್ಟಿಗೆ ಕಟ್ಟುವ ಅನೇಕ ಕಂಪ್ಯೂಟರುಗಳೊಳಗೆ ಓಡುವುದು ಈ ಲೆಕ್ಕವೇ. ಅತಿ ವೇಗದ ಅಂಗಾಂಶ ತನ್ನ ಹೆಚ್ಚುವರಿ ಸಾರಜನಕದ ಅರ್ಧವನ್ನು 4 ನಿಮಿಷದಲ್ಲಿ ಕಳೆದುಕೊಳ್ಳುತ್ತದೆ, ಅತಿ ನಿಧಾನದ್ದು 635 ನಿಮಿಷದಲ್ಲಿ. ಈ ಎರಡನೆಯದರಲ್ಲಿ 12 ಗಂಟೆಯ ನಂತರವೂ ಶೇ 46, 18 ಗಂಟೆಗೆ ಶೇ 31, 24 ಗಂಟೆಗೆ ಶೇ 21ರಷ್ಟು ಉಳಿದೇ ಇರುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸ್ವಯಂಸೇವಕರನ್ನು ಒತ್ತಡದ ಕೋಣೆಯಲ್ಲಿಟ್ಟು ಡೈವ್, ಬಿಡುವು, ವಿಮಾನ ಮೂರನ್ನೂ ಅನುಕರಿಸಿ ಪರೀಕ್ಷಿಸಿದ್ದಾರೆ. ಅದನ್ನು ಆಧರಿಸಿ 2002ರಲ್ಲಿ ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಭೆ ಕೊಟ್ಟ ಸಲಹೆಯೇ ಈಗ ರೂಢಿಯಲ್ಲಿದೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18, ಮೇಲೆ ಬರುವಾಗ ಕಡ್ಡಾಯವಾಗಿ ನಿಂತು ನಿಂತು ಬರಬೇಕಾದಂಥ ಡೈವ್ ಆದರೆ ಇನ್ನೂ ಬಹಳ ಹೆಚ್ಚು. 24 ಇಟ್ಟುಕೊಂಡರೆ ನಿಶ್ಚಿಂತೆ ಎಂದಲ್ಲ, ಚಿಂತೆ ಕಡಿಮೆ.

ಈ ಸಲಹೆ ಲಾಗುವಾಗುವುದು 2,000 ಅಡಿಯಿಂದ ಮೇಲಕ್ಕೆ, ಅಂದರೆ 610 ಮೀಟರ್. ಮಲೆನಾಡಿನವರಿಗೆ ಇದು ಸ್ವಾರಸ್ಯದ ಸಂಖ್ಯೆ. ಶಿವಮೊಗ್ಗ ನಗರ ಸುಮಾರು 570 ಮೀಟರ್, ಗೆರೆಯ ಕೆಳಗೆ. ಆಗುಂಬೆ 640ರ ಆಸುಪಾಸು, ತುಸು ಮೇಲೆ. ಬೆಂಗಳೂರಿನ ವಿಮಾನ ನಿಲ್ದಾಣದ ನೆಲವೇ 915. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಒಮ್ಮೆ ಹತ್ತು ಮೀಟರ್ ಇಳಿದು ಬಂದವರು ಘಾಟಿ ಹತ್ತಿ ಊರಿಗೆ ಮರಳುವುದರಲ್ಲಿ ಅಪಾಯ ತೀರಾ ಕಡಿಮೆ. ಎರಡು ದಿನ ಆಳದಲ್ಲಿ ಸುತ್ತಾಡಿ ಅದೇ ಸಂಜೆ 1,343 ಮೀಟರಿನ ಕೊಡಚಾದ್ರಿಗೆ ಜೀಪು ಹತ್ತುವವರ ಮಾತು ಬೇರೆ.

ದೂರದ ಪ್ರಯಾಣದಲ್ಲಿ ಟಿಕೆಟ್ ತೆಗೆಯುವಾಗ ಮರಳುವ ದಿನದಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಗಡಿಯಾರ ನಿಲ್ಲುವುದು ಬೆಂಗಳೂರಿನ ವಿಮಾನ ಹತ್ತುವಾಗಲ್ಲ, ಶರ್ಮ್‌ನಿಂದ ಕೈರೋಗೆ ಹಾರುವ ಒಂದು ಗಂಟೆಯ ವಿಮಾನ ಮೇಲೇರಿದಾಗಲೇ. ಹೋಗುವಾಗ ಈ ತಾಪತ್ರಯವಿಲ್ಲ. ಹಾರಿ ಬಂದು ನೀರಿಗಿಳಿದರೆ ಸಾರಜನಕದ ತಕರಾರಿಲ್ಲ. ಇರುವುದು ನಿದ್ದೆಗೆಟ್ಟ ದಣಿವು ಮತ್ತು ಒಣಗಾಳಿಯಲ್ಲಿ ಕೂತು ನೀರು ಬತ್ತಿದ ಮೈ. ಒಂದು ರಾತ್ರಿ ಮಲಗಿ ಎದ್ದು ಇಳಿಯಬೇಕು. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲಿ, ಚಾಕು ದೊಡ್ಡ ಪೆಟ್ಟಿಗೆಯಲ್ಲಿ. ಸಿನಾಯ್ ಪರ್ವತವನ್ನು ಹುಡುಗಿಯರು ಪ್ರವಾಸದ ಮೊದಲಿಗೆ ಸರಿಸಿದರು. ಖರ್ಚೇನೂ ಹೆಚ್ಚಲಿಲ್ಲ.

ಇಷ್ಟಾಗಿಯೂ ವಿಮಾನದಲ್ಲೋ ಊರಿಗೆ ಬಂದ ಮೇಲೋ ಭುಜ, ಮೊಣಕಾಲು ನೋಯತೊಡಗಿದರೆ, ಕೈಕಾಲು ಜುಮುಗುಟ್ಟಿದರೆ, ವಾಯು ಹಿಡಿದಿದೆಯೆಂದು ಕೊಬ್ಬರಿ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು, ನೋವಿನ ಗುಳಿಗೆ ನುಂಗಿ ಮಲಗುವುದು ಸಲ್ಲದು. ಬೇಕಾದದ್ದು ಆಮ್ಲಜನಕ, ಆಮೇಲೆ ಒತ್ತಡದ ಕೋಣೆಯ ಚಿಕಿತ್ಸೆ. ಕಡಲಿಲ್ಲದ ಊರಿನ ವೈದ್ಯರಿಗೆ ಈ ಕಾಯಿಲೆ ಥಟ್ಟನೆ ಹೊಳೆಯದಿರಬಹುದು. ಅವರು ಕೇಳುವುದಕ್ಕೆ ಮೊದಲೇ ಕೊನೆಯ ಡೈವ್ ಎಂದು, ಎಷ್ಟು ಆಳ, ಎಷ್ಟು ಹೊತ್ತಿಗೆ ಮೇಲೆ ಬಂದದ್ದು, ಎಷ್ಟು ಹೊತ್ತಿಗೆ ವಿಮಾನ ಹತ್ತಿದ್ದು ಎಂಬುದನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕು.