ಏಜೆಂಟ್ ಹೇಳಿದ್ದು ಸುಳ್ಳಾದರೆ ಹೊಣೆ ಯಾರು?

ಹುಬ್ಬಳ್ಳಿ-ಧಾರವಾಡದ ಸುತ್ತ ಸೈಟ್ ನೋಡಲು ಹೋದವರಿಗೆ ‘ಎನ್‌ಎ ಆಗೈತ್ರಿ’, ‘ಹುಡಾ ಅಪ್ರೂವಲ್ ಐತ್ರಿ’ ಎಂಬ ಮಾತು ಹೊಸದಲ್ಲ. ಎನ್‌ಎ ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ್ದು, ಹುಡಾ ಅಂದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂತು, 2016ರಲ್ಲಿ ಐಐಟಿ ಬಂತು. ಊರು ಹೊರಗೆ ಬೆಳೆದಂತೆಲ್ಲ ಏಜೆಂಟರ ಮಾತು ನಂಬಿ ಸಂಚಕಾರ (ಮುಂಗಡ ಹಣ) ಕೊಡುವವರೂ ಜಾಸ್ತಿಯಾದರು. ಆ ಮಾತು ಸುಳ್ಳಾದರೆ?

ಬಹಳ ಕಾಲ ಇದ್ದ ಮುಖ್ಯ ಆಸರೆ 1872ರ ಕರಾರು ಕಾಯ್ದೆ. ತನ್ನ ಕೆಲಸದ ಮಿತಿಯೊಳಗೆ ಏಜೆಂಟ್ ಹೇಳಿದ ಸುಳ್ಳು, ಮಾಲೀಕನೇ ಹೇಳಿದಂತೆ. ಕರಾರು ರದ್ದು ಮಾಡಿಸಬಹುದು. ಆದರೆ ಸಿವಿಲ್ ಕೋರ್ಟಿಗೆ ಅಲೆಯಬೇಕು, ಬಾಯಿಮಾತಿಗೆ ಸಾಕ್ಷಿ ತರಬೇಕು. ಏಜೆಂಟ್ ತಿಳಿಯದೆ ತಪ್ಪು ಹೇಳಿದ್ದರೆ, ‘ಉತಾರ (ಪಹಣಿ) ನೋಡಿದ್ದರೆ ನಿಮಗೇ ಗೊತ್ತಾಗುತ್ತಿತ್ತಲ್ವಾ’ ಎಂಬ ವಾದಕ್ಕೂ ಅಲ್ಲಿ ಜಾಗವಿದೆ. 1993ರಲ್ಲಿ ಮನೆ ನಿರ್ಮಾಣ ಗ್ರಾಹಕ ಕಾಯ್ದೆಗೆ ಸೇರಿತು. ಅದರ ಬಿಸಿ ತಟ್ಟಿದ್ದು ಮುಖ್ಯವಾಗಿ ಬಿಲ್ಡರ್‌ಗಳಿಗೆ.

ಏಜೆಂಟರನ್ನು ನೇರವಾಗಿ ಹಿಡಿದದ್ದು 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ. 2017ರ ಮೇ 1ರಿಂದ ಅದು ಪೂರ್ತಿ ಜಾರಿಯಾಯಿತು. 9ನೇ ಸೆಕ್ಷನ್ ಪ್ರಕಾರ ಏಜೆಂಟ್ ನೋಂದಣಿ ಮಾಡಿಸಲೇಬೇಕು. 10ನೇ ಸೆಕ್ಷನ್ ಇನ್ನೂ ಮುಖ್ಯ. ನೋಂದಣಿಯಾಗದ ಯೋಜನೆಯ ಸೈಟ್ ಮಾರಿಸುವಂತಿಲ್ಲ. ಇಲ್ಲದ ಅನುಮೋದನೆ ಇದೆ ಎನ್ನುವಂತಿಲ್ಲ, ಬರಹದಲ್ಲಿ ಮಾತ್ರವಲ್ಲ, ಬಾಯಲ್ಲೂ. ಬುಕಿಂಗ್ ವೇಳೆ ಗ್ರಾಹಕರಿಗೆ ಸಲ್ಲಬೇಕಾದ ಕಾಗದಪತ್ರ ಅವರ ಕೈಸೇರುವಂತೆ ನೋಡಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಆಸ್ತಿ ಬೆಲೆಯ ಶೇ 5ರವರೆಗೆ. ನೋಂದಣಿಯೂ ರದ್ದಾಗಬಹುದು.

ಕೇಳಲು ಬಿಗಿಯಾಗಿದೆ. ಆದರೆ ಆ ದಂಡ ಹೋಗುವುದು ಸರ್ಕಾರಕ್ಕೆ, ಮೋಸಹೋದವರಿಗಲ್ಲ. ಸುಳ್ಳು ಜಾಹೀರಾತಿಗೆ ಪರಿಹಾರ ಕೊಡಬೇಕಾದವರು ಯೋಜನೆಯ ಪ್ರವರ್ತಕರು, ಅಂದರೆ ಲೇಔಟ್ ಮಾಡಿ ಅಥವಾ ಕಟ್ಟಿ ಮಾರುವವರು. ದಲಾಲಿ ಪಡೆದವರ ಜೇಬಿನಿಂದ ಖರೀದಿದಾರರಿಗೆ ಹಣ ಕೊಡಿಸುವ ಸರಳ ದಾರಿ ಈ ಕಾಯ್ದೆಯಲ್ಲೂ ಕಾಣುವುದಿಲ್ಲ. ಇಷ್ಟು ದೊಡ್ಡ ಕಾಯ್ದೆ ಬರೆಯುವಾಗ ಅದನ್ನೂ ಸೇರಿಸಬೇಕಿತ್ತು.

500 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಐದು ಗುಂಟೆ ಮೀರದ ಯೋಜನೆಗೆ ನೋಂದಣಿ ಬೇಕಿಲ್ಲ. ಹಳೆ ಮನೆ ಒಬ್ಬರಿಂದ ಒಬ್ಬರಿಗೆ ಮಾರಾಟವಾಗುವಾಗಲೂ ರೇರಾ ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ. ಎನ್‌ಎ ಮಾಡಿಸದ ಹೊಲವನ್ನೇ ಗುಂಟೆ ಲೆಕ್ಕದಲ್ಲಿ ಮಾರುವ ಕಡೆಯಂತೂ ರೇರಾ ಸಂಖ್ಯೆಯೇ ಇರುವುದಿಲ್ಲ. ಗದಗ, ಹಾವೇರಿಯ ಕಡೆಯಿಂದ ಉಳಿತಾಯ ಹಿಡಿದು ಬರುವವರು ಸಿಕ್ಕಿಬೀಳುವುದು ಇಂಥಲ್ಲಿ.

ಸಂಚಕಾರ ಪತ್ರ ಬರೆಯುವಾಗಲೇ ಎನ್‌ಎ ಆದೇಶದ ಸಂಖ್ಯೆ, ರೇರಾ ಸಂಖ್ಯೆ, ಏಜೆಂಟರು ಕೊಟ್ಟ ಭರವಸೆ ಬರೆಸಿ, ಕೆಳಗೆ ಅವರದೇ ಸಹಿ ಹಾಕಿಸಿಕೊಳ್ಳಿ. ‘ಅದೆಲ್ಲಾ ಯಾಕ್ರೀ’ ಎಂದರೆ ಹಣ ಕೊಡಬೇಡಿ.