ಫ್ರಾನ್ಸ್‌ನ ಸುಪ್ರೀಂ ಕೋರ್ಟ್ ಯಾವುದು? ಸಿವಿಲ್ ಲಾ ದೇಶಗಳ ಬಗ್ಗೆ ಒಂದು ಟಿಪ್ಪಣಿ

ತೌಲನಿಕ ಕಾನೂನು ಓದುತ್ತಿರುವವರಿಗಾಗಿ ಇದು. ಸಿವಿಲ್ ಲಾ ದೇಶ ಅಂದರೆ ಕಾನೂನನ್ನು ಸಂಹಿತೆಗಳಲ್ಲಿ (ಕೋಡ್‌ಗಳಲ್ಲಿ) ಒಟ್ಟಾಗಿ ಬರೆದಿಟ್ಟುಕೊಂಡ ದೇಶ. ಫ್ರಾನ್ಸ್, ಜರ್ಮನಿ ಎರಡನ್ನೇ ಹಿಡಿದುಕೊಂಡಿದ್ದೇನೆ. ಜಪಾನ್ ನಡುವೆ ಸ್ವಲ್ಪ ಬರುತ್ತದೆ. ಸಂಹಿತೆಗಳ ಇತಿಹಾಸ ಎಲ್ಲ ಗೈಡ್‌ಗಳಲ್ಲೂ ಸಿಗುತ್ತದೆ, ಹಾಗಾಗಿ ಎರಡೇ ಮಾತು: ಫ್ರಾನ್ಸ್‌ನ ಸಿವಿಲ್ ಕೋಡ್ 1804ರದ್ದು, ನೆಪೋಲಿಯನ್ ಕಾಲದ್ದು. ಜರ್ಮನಿಯದ್ದು 1896ರಲ್ಲಿ ಪಾಸಾಗಿ 1900ರ ಜನವರಿ 1ರಿಂದ ಜಾರಿಗೆ ಬಂತು. ನಮ್ಮ ಪಕ್ಕದ ಗೋವಾದಲ್ಲಿ ಇನ್ನೂ ಚಾಲ್ತಿಯಲ್ಲಿರುವ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಕೂಡ ಇದೇ ಮನೆತನದ್ದು.

ಇನ್ನು ಕೋರ್ಟ್‌ಗಳ ವಿಷಯ. ನನಗೆ ತಲೆ ಕೆಟ್ಟಿದ್ದು ಇಲ್ಲೇ.

ನಮ್ಮಲ್ಲಿ ಇಬ್ಬರ ನಡುವಿನ ಜಮೀನು ತಗಾದೆ ಮೇಲ್ಮನವಿಯಾಗಿ ಹೈಕೋರ್ಟ್‌ಗೆ ಹೋಗುತ್ತದೆ. ಪಾಲಿಕೆ ನೋಟಿಸ್ ಕೊಟ್ಟರೆ ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕಲು ಹೋಗುವುದೂ ಅದೇ ಹೈಕೋರ್ಟ್‌ಗೆ. ಎರಡೂ ಕೊನೆಗೆ ಒಂದೇ ಸುಪ್ರೀಂ ಕೋರ್ಟ್ ತಲುಪಬಹುದು. ಈ ಚಿತ್ರ ಇಟ್ಟುಕೊಂಡು ಫ್ರಾನ್ಸ್‌ಗೆ ಹೋದರೆ ತುದಿಯಲ್ಲಿ ಮೂರು ಸಂಸ್ಥೆಗಳು ಕಾಣುತ್ತವೆ: ಕೂರ್ ದ ಕಸಾಸಿಯೋಂ, ಕೊನ್ಸೆಯ್ ದೆತಾ, ಮತ್ತು ಸಂವಿಧಾನ ಮಂಡಳಿ. ಯಾವುದು ದೊಡ್ಡದು ಅಂತ ಹುಡುಕುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಯಾವುದೂ ಇನ್ನೊಂದರ ಮೇಲಿನ ಅಪೀಲು ಕೋರ್ಟ್ ಅಲ್ಲ.

ನಾನು ಬಳಸುವ ಅಡ್ಡದಾರಿ ಒಂದೇ ಪ್ರಶ್ನೆ: ಎದುರಾಳಿ ಯಾರು? ಎದುರಿಗೆ ಖಾಸಗಿ ವ್ಯಕ್ತಿಯೋ ಕಂಪನಿಯೋ ಇದ್ದರೆ ದಾರಿ ಕಸಾಸಿಯೋಂ ಕಡೆಗೆ. ಕ್ರಿಮಿನಲ್ ಕೇಸುಗಳೂ ಅಲ್ಲಿಗೇ. ಸರ್ಕಾರವೋ ನಗರಸಭೆಯೋ ಇದ್ದರೆ ಸಾಮಾನ್ಯವಾಗಿ ಆಡಳಿತ ಕೋರ್ಟ್‌ಗಳ ಮೂಲಕ ಕೊನ್ಸೆಯ್ ದೆತಾ ಕಡೆಗೆ. ಸಂಸತ್ತು ಮಾಡಿದ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅಂತ ತಕರಾರಿದ್ದರೆ ಸಂವಿಧಾನ ಮಂಡಳಿ.

ಯಾಕೆ ಹೀಗೆ ಒಡೆದರು? ಕ್ರಾಂತಿಗೆ ಮುಂಚೆ ರಾಜನ ಕಾಲದ ಕೋರ್ಟ್‌ಗಳು ಆಡಳಿತಕ್ಕೆ ತುಂಬಾ ಅಡ್ಡಗಾಲು ಹಾಕುತ್ತಿದ್ದವು. ಆ ಸಿಟ್ಟಿಗೆ 1790ರ ಆಗಸ್ಟ್‌ನಲ್ಲಿ ಒಂದು ಕಾನೂನು ಬಂತು. ನ್ಯಾಯಾಧೀಶರು ಆಡಳಿತದ ಕೆಲಸಕ್ಕೆ ಕೈ ಹಾಕುವಂತಿಲ್ಲ ಅಂತ ಅದು ಹೇಳಿತು. ಹಾಗಾದರೆ ಸರ್ಕಾರದ ಮೇಲಿನ ದೂರು ಯಾರು ಕೇಳಬೇಕು? 1799ರಲ್ಲಿ ಹುಟ್ಟಿದ ಕೊನ್ಸೆಯ್ ದೆತಾ ಮೊದಲು ಸರ್ಕಾರಕ್ಕೆ ಬರೀ ಸಲಹೆ ಕೊಡುತ್ತಿತ್ತು. ಆಮೇಲೆ ಮೆಲ್ಲಗೆ ಅದೇ ಕೋರ್ಟ್ ಆಯಿತು. ಸಲಹೆ ಕೊಡುವ ಕೆಲಸವನ್ನೂ ಬಿಟ್ಟಿಲ್ಲ, ಇವತ್ತಿಗೂ ಮಸೂದೆಗಳನ್ನು ನೋಡಿ ಅಭಿಪ್ರಾಯ ಹೇಳುತ್ತದೆ.

ಇಲ್ಲಿ ಬ್ಲಾಂಕೋ ಪ್ರಕರಣ ಓದಲೇಬೇಕು. ಬೋರ್ಡೋದಲ್ಲಿ ಸರ್ಕಾರಿ ತಂಬಾಕು ಕಾರ್ಖಾನೆಯ ಬಂಡಿ ಒಬ್ಬ ಪುಟ್ಟ ಹುಡುಗಿಗೆ ಬಡಿಯಿತು. ತಂದೆ ಪರಿಹಾರ ಕೇಳಿದ. ಇಬ್ಬರು ಖಾಸಗಿಯವರಾಗಿದ್ದರೆ ಸಿವಿಲ್ ಕೋಡ್ ತೆರೆದು ತೀರ್ಪು ಕೊಡಬಹುದಿತ್ತು. ಆದರೆ ಕೇಸು ಯಾವ ಕೋರ್ಟಿನದು ಅನ್ನುವುದೇ ಜಗಳವಾಯಿತು. ಅಂಥ ಜಗಳ ಬಿಡಿಸಲೆಂದೇ ಇರುವ ನ್ಯಾಯಮಂಡಳಿ 1873ರಲ್ಲಿ ಹೇಳಿತು: ಸರ್ಕಾರದ ಹೊಣೆಗೆ ಸಿವಿಲ್ ಕೋಡಿನ ನಿಯಮ ಹೊಂದುವುದಿಲ್ಲ, ಅದಕ್ಕೆ ಬೇರೆ ನಿಯಮ ಬೇಕು, ಕೇಸು ಆಡಳಿತ ವಿಭಾಗಕ್ಕೆ ಹೋಗಲಿ.

ಆ ಬೇರೆ ನಿಯಮ ಎಲ್ಲಿತ್ತು? ಎಲ್ಲೂ ಬರೆದಿರಲಿಲ್ಲ. ಕೊನ್ಸೆಯ್ ದೆತಾ ಒಂದೊಂದೇ ತೀರ್ಪು ಕೊಡುತ್ತಾ ಕಟ್ಟಿತು. ಅಂದರೆ ‘ಸಿವಿಲ್ ಲಾ ದೇಶದಲ್ಲಿ ಎಲ್ಲವೂ ಸಂಹಿತೆಯಲ್ಲಿದೆ, ತೀರ್ಪಿಗೆ ಬೆಲೆ ಇಲ್ಲ’ ಅನ್ನುವ ಗೈಡ್ ವಾಕ್ಯ ಫ್ರೆಂಚ್ ಆಡಳಿತ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಸಿವಿಲ್ ಕೋಡಿನ 5ನೇ ವಿಧಿ ನ್ಯಾಯಾಧೀಶರು ಸಾಮಾನ್ಯ ನಿಯಮ ಮಾಡಬಾರದು ಅನ್ನುತ್ತದೆ, ನಿಜ. ಅದರ ಹಿಂದಿನ 4ನೇ ವಿಧಿ ‘ಕಾನೂನಿನಲ್ಲಿ ಇಲ್ಲ’ ಅಂತ ನೆಪ ಹೇಳಿ ತೀರ್ಪು ಕೊಡದಿರುವುದೂ ತಪ್ಪು ಅನ್ನುತ್ತದೆ. ಎರಡನ್ನೂ ಜೊತೆಗಿಟ್ಟು ಓದಿ, ಮಜಾ ಇದೆ.

ಅಡ್ಡದಾರಿಗೂ ಅಪವಾದ ಉಂಟು. ವಾಹನದಿಂದ ಆದ ಹಾನಿಯನ್ನು, ವಾಹನ ಸರ್ಕಾರದ್ದೇ ಆಗಿರಲಿ, 1957ರ ಕಾನೂನು ಸಾಮಾನ್ಯ ಕೋರ್ಟ್‌ಗಳಿಗೆ ಕೊಟ್ಟುಬಿಟ್ಟಿದೆ.

ಸಂವಿಧಾನ ಮಂಡಳಿ 1958ರ ಸಂವಿಧಾನದ ಕೂಸು. ಕೇಸು ನಡೆಯುತ್ತಿರುವಾಗಲೇ ‘ಈ ಕಾನೂನು ನನ್ನ ಹಕ್ಕಿಗೆ ವಿರುದ್ಧ’ ಅಂತ ಕಕ್ಷಿದಾರ ಎತ್ತಲು ಅವಕಾಶ ಸಿಕ್ಕಿದ್ದು 2010ರ ಮಾರ್ಚ್‌ನಿಂದ. ಅದೂ ನೇರವಾಗಿ ಅಲ್ಲ, ಕಸಾಸಿಯೋಂ ಅಥವಾ ಕೊನ್ಸೆಯ್ ದೆತಾ ಸೋಸಿ ಕಳಿಸಬೇಕು.

ಜರ್ಮನಿಗೆ ಬಂದರೆ ಪ್ರಶ್ನೆ ಬದಲಿಸಿ: ವಿಷಯ ಏನು? ಸಿವಿಲ್ ಮತ್ತು ಕ್ರಿಮಿನಲ್ ಆದರೆ ಕಾರ್ಲ್ಸ್‌ರೂಹ ನಗರದಲ್ಲಿರುವ ಕೋರ್ಟ್. ಆಡಳಿತ ಲೈಪ್ಸಿಗ್. ತೆರಿಗೆ ಮ್ಯೂನಿಕ್. ಕಾರ್ಮಿಕ ವಿಷಯ ಎರ್ಫುರ್ಟ್. ಸಾಮಾಜಿಕ ಭದ್ರತೆ ಕಾಸೆಲ್. ಐದೂ ಆಯಾ ವಿಷಯಕ್ಕೆ ಕೊನೆಯ ಕೋರ್ಟ್. ಇವುಗಳಿಂದ ಹೊರಗೆ ಸಂವಿಧಾನ ಕೋರ್ಟ್, ಅದೂ ಕಾರ್ಲ್ಸ್‌ರೂಹದಲ್ಲೇ. ಉಳಿದ ದಾರಿಗಳೆಲ್ಲ ಮುಗಿದ ಮೇಲೆ ಹಕ್ಕಿನ ದೂರು ಹಿಡಿದು ಸಾಮಾನ್ಯ ಮನುಷ್ಯನೇ ಅಲ್ಲಿಗೆ ಹೋಗಬಹುದು.

ಹಾಗಂತ ಸಂಹಿತೆ ಇರುವ ಕಡೆಯೆಲ್ಲ ಹಲವು ತುದಿಗಳಿರುತ್ತವೆ ಅಂದುಕೊಳ್ಳಬೇಡಿ. ಜಪಾನ್‌ನ ಸಿವಿಲ್ ಕೋಡ್ ಮೇಲೆ ಫ್ರಾನ್ಸ್, ಜರ್ಮನಿ ಎರಡರ ಪ್ರಭಾವವೂ ಇದೆ. ಆದರೂ 1947ರ ಸಂವಿಧಾನದಡಿ ಅಲ್ಲಿ 15 ನ್ಯಾಯಮೂರ್ತಿಗಳ ಒಂದೇ ಸುಪ್ರೀಂ ಕೋರ್ಟ್.

ಸರ್ಕಾರದ ರಚನೆಗೂ ಸಂಹಿತೆಗೂ ಗಂಟು ಹಾಕುವಂತಿಲ್ಲ. ಫ್ರಾನ್ಸ್‌ನಲ್ಲಿ ಅಧ್ಯಕ್ಷರನ್ನು ಜನರೇ ಆರಿಸುತ್ತಾರೆ, ಆದರೆ ಪ್ರಧಾನಿ ಸಂಸತ್ತಿಗೆ ಉತ್ತರ ಕೊಡಬೇಕು. ಹಾಗಾಗಿ 1997ರಿಂದ 2002ರವರೆಗೆ ಶಿರಾಕ್ ಅಧ್ಯಕ್ಷರು, ಎದುರು ಪಾಳಯದ ಜೋಸ್ಪ್ಯಾಂ ಪ್ರಧಾನಿ. ಜರ್ಮನಿಯದು ಸಂಸದೀಯ ಪದ್ಧತಿ, 16 ರಾಜ್ಯಗಳ ಒಕ್ಕೂಟ. ಅವಿಶ್ವಾಸದ ವ್ಯತ್ಯಾಸ ನೆನಪಿಡಿ: ಫ್ರಾನ್ಸ್‌ನಲ್ಲಿ ಸುಮ್ನೆ ಕೆಡವಬಹುದು, 2024ರ ಡಿಸೆಂಬರ್‌ನಲ್ಲಿ ಬಾರ್ನಿಯೇ ಸರ್ಕಾರ ಹಾಗೇ ಬಿತ್ತು. ಜರ್ಮನಿಯಲ್ಲಿ ಮುಂದಿನ ಚಾನ್ಸಲರ್‌ನನ್ನು ಆರಿಸಿಯೇ ಹಳಬರನ್ನು ಇಳಿಸಬೇಕು. 1982ರಲ್ಲಿ ಶ್ಮಿಟ್ ಹೋಗಿ ಕೋಲ್ ಬಂದದ್ದು ಹೀಗೆ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಲಿಯೋನ್‌ನಲ್ಲಿ ಇಬ್ಬರನ್ನು ಕೆಲಸದಿಂದ ತೆಗೆದರು, ಒಬ್ಬರು ಖಾಸಗಿ ಕಂಪನಿಯ ಗುಮಾಸ್ತೆ, ಇನ್ನೊಬ್ಬರು ಕಾಯಂ ಸರ್ಕಾರಿ ಶಾಲೆ ಮೇಷ್ಟ್ರು. ಗುಮಾಸ್ತೆಯ ಕೇಸು ಕೊನೆಗೆ ಕಸಾಸಿಯೋಂ ಮುಟ್ಟಬಹುದು, ಮೇಷ್ಟ್ರದು ಕೊನ್ಸೆಯ್ ದೆತಾ. ಇದೇ ಇಬ್ಬರು ಜರ್ಮನಿಯಲ್ಲಿದ್ದರೆ ಗುಮಾಸ್ತೆಗೆ ಎರ್ಫುರ್ಟ್, ಕಾಯಂ ಅಧಿಕಾರಿ ದರ್ಜೆಯ ಮೇಷ್ಟ್ರಿಗೆ ಲೈಪ್ಸಿಗ್.