ಓದುಗರ ಪ್ರಶ್ನೆ: ಜಪಾನಿನ ದೆವ್ವದ ಕತೆಗಳು ಅರ್ಧಕ್ಕೇ ಏಕೆ ನಿಲ್ಲುತ್ತವೆ?

ಪ್ರಶ್ನೆ: ನಾಲ್ಕೈದು ಸಣ್ಣ ದೆವ್ವದ ಕತೆಗಳನ್ನು ಒಂದೇ ಸಿನಿಮಾದಲ್ಲಿ ಪೋಣಿಸಿರುವ ಜಪಾನಿ ಚಿತ್ರಗಳನ್ನು ಈಚೆಗೆ ನೋಡುತ್ತಿದ್ದೇನೆ. ದೆವ್ವ ಬಂತು ಎನ್ನುವಷ್ಟರಲ್ಲಿ ಕತೆ ಮುಗಿದಿರುತ್ತದೆ. ಅದು ಯಾರ ದೆವ್ವ, ಏಕೆ ಬಂತು, ಆಮೇಲೇನಾಯಿತು, ಒಂದನ್ನೂ ಹೇಳುವುದಿಲ್ಲ. ಇದು ಬರೆದವರ ಸೋಮಾರಿತನವೇ, ಇಲ್ಲ ನನಗೇ ಅರ್ಥವಾಗುತ್ತಿಲ್ಲವೇ?

ಎರಡೂ ಅಲ್ಲ. ಕೊನೆಯನ್ನು ಬೇಕೆಂದೇ ಕತ್ತರಿಸಿದ್ದಾರೆ. ಕೆಲವು ಕತೆಗಳಲ್ಲಂತೂ ಕತ್ತರಿ ಹಿಡಿದವರು ಯಾರು ಎಂಬುದನ್ನೂ ಬೆರಳಿಟ್ಟು ತೋರಿಸಬಹುದು.

ಇಂಥ ಚಿತ್ರಗಳಲ್ಲಿ ಹಿರಿಯದಾದ 'ಕ್ವೈದಾನ್' ಅನ್ನೇ ತೆಗೆದುಕೊಳ್ಳೋಣ. ಮಸಾಕಿ ಕೊಬಯಾಶಿ ನಿರ್ದೇಶಿಸಿ, 1964ರ ಕೊನೆಗೆ ಜಪಾನಿನಲ್ಲಿ ತೆರೆಕಂಡು, ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆದ ಚಿತ್ರ. ಅದರ ಮೊದಲ ಕತೆ 'ಕಪ್ಪು ಕೂದಲು'. ಕ್ಯೋತೊದ ಬಡ ಸಮುರಾಯ್ ಒಬ್ಬ ಬಡತನಕ್ಕೆ ಬೇಸತ್ತು, ಒಳ್ಳೆಯ ಹೆಂಡತಿಯನ್ನು ಬಿಟ್ಟು, ದೂರದೂರಿನಲ್ಲಿ ಅನುಕೂಲಸ್ಥರ ಮಗಳನ್ನು ಕಟ್ಟಿಕೊಳ್ಳುತ್ತಾನೆ. ವರ್ಷಗಳ ಮೇಲೆ ಪಶ್ಚಾತ್ತಾಪವಾಗಿ ಮರಳಿದರೆ, ಹಾಳುಬಿದ್ದ ಮನೆಯಲ್ಲಿ ಮೊದಲ ಹೆಂಡತಿ ಅಂದಿನಂತೆಯೇ ಕುಳಿತು ನೇಯುತ್ತಿದ್ದಾಳೆ. ಒಂದು ಆಕ್ಷೇಪದ ಮಾತೂ ಇಲ್ಲ. ರಾತ್ರಿಯೆಲ್ಲ ಮಾತಾಡಿ ಮಲಗುತ್ತಾರೆ. ಬೆಳಗಾದಾಗ ಅವನ ಪಕ್ಕದಲ್ಲಿ ಇರುವುದು ಎಲುಬಿನ ಗೂಡು ಮತ್ತು ಕೂದಲು.

ಈ ಕತೆಯ ಮೂಲ 12ನೆಯ ಶತಮಾನದ 'ಕೊಂಜಾಕು ಮೊನೊಗತಾರಿ'. ಭಾರತ, ಚೀನಾ, ಜಪಾನ್ ಎಂದು ಮೂರು ಭಾಗ ಮಾಡಿಕೊಂಡು ಸಾವಿರಕ್ಕೂ ಹೆಚ್ಚು ಕತೆಗಳನ್ನು ಕೂಡಿಹಾಕಿದ ಕಣಜ ಅದು. (ಭಾರತದ ಭಾಗದಲ್ಲಿ, ಮಳೆಯನ್ನೇ ತಡೆದು ಕೊನೆಗೆ ಹೆಣ್ಣಿನ ಮೋಹಕ್ಕೆ ಸಿಕ್ಕಿಬಿದ್ದ ಒಂಟಿಕೊಂಬಿನ ಋಷಿಯೊಬ್ಬನಿದ್ದಾನೆ. ಶೃಂಗೇರಿ ಸೀಮೆಯವರಿಗೆ ಅವನು ಯಾರೆಂದು ಹೇಳಬೇಕಿಲ್ಲ.) ಅಲ್ಲಿ ಸಮುರಾಯ್ ನೆರೆಮನೆಗೆ ಓಡುತ್ತಾನೆ. ಆ ಹೆಂಗಸು ಕೊರಗಿ ಕೊರಗಿ ಸತ್ತಳು, ಹೂಳುವವರೂ ಇರಲಿಲ್ಲ ಎಂದು ನೆರೆಯವರು ತಿಳಿಸುತ್ತಾರೆ. ಆಮೇಲೆ ಒಂದು ನೀತಿಯೂ ಇದೆ: ಬಹುಕಾಲದ ಮೇಲೆ ಹಳೆಯ ಜಾಗಕ್ಕೆ ಹೋಗುವವರು ಮೊದಲು ವಿಚಾರಿಸಿಕೊಂಡು ಹೋಗಬೇಕು! ಎಲುಬಿನ ಪಕ್ಕ ಮಲಗೆದ್ದವನಿಗೆ ಇಷ್ಟು ವ್ಯವಹಾರಸ್ಥ ಬುದ್ಧಿವಾದವನ್ನು ಬೇರೆ ಯಾರೂ ಹೇಳಿರಲಾರರು.

1900ರಲ್ಲಿ ಇದೇ ಕತೆಯನ್ನು ಜಪಾನಿನಲ್ಲಿ ನೆಲೆಸಿದ್ದ ಲೇಖಕ ಲಾಫ್ಕಾಡಿಯೊ ಹರ್ನ್ ಇಂಗ್ಲಿಷಿನಲ್ಲಿ ಬರೆದಾಗ ನೀತಿಯನ್ನು ಕೈಬಿಟ್ಟು ನೆರೆಯವನನ್ನು ಉಳಿಸಿಕೊಂಡ. ಕೊಬಯಾಶಿ ನೆರೆಯವನನ್ನೂ ತೆಗೆದುಹಾಕಿದರು. ಸಿನಿಮಾದಲ್ಲಿ ವಿವರಿಸುವವರೇ ಇಲ್ಲ. ಸಮುರಾಯ್ ಕಣ್ಣೆದುರಿಗೇ ಮುದುಕನಾಗುತ್ತ ಮನೆಯೊಳಗೆ ಎಡವುತ್ತಾನೆ, ಕೂದಲು ಬೆನ್ನಟ್ಟುತ್ತದೆ. ಸಂಗೀತ ನೀಡಿದ ತೋರು ತಾಕೆಮಿತ್ಸು ಅಲ್ಲಿ ಹೆಜ್ಜೆಯ ಸದ್ದು, ಹಲಗೆ ಮುರಿಯುವ ಸದ್ದುಗಳನ್ನೆಲ್ಲ ಅಳಿಸಿ, ಮರ ಸೀಳುವ ಶಬ್ದವನ್ನು ದೃಶ್ಯಕ್ಕೆ ಹೊಂದದಂತೆ ಒಂದಿಷ್ಟು ತಡವಾಗಿ ಕೇಳಿಸುತ್ತಾರೆ. ಹಲಗೆ ಮುರಿದದ್ದು ಕಾಣುತ್ತದೆ, ಕೇಳುವುದಿಲ್ಲ. ಏನೂ ಆಗದಿದ್ದಾಗ ಕೇಳುತ್ತದೆ. ಒಂದೇ ಕತೆ ಕೈಯಿಂದ ಕೈಗೆ ದಾಟುತ್ತ, ದಾಟಿದಷ್ಟೂ ಬಾಲ ಕಳೆದುಕೊಂಡಿದೆ ನೋಡಿ.

ನಾಲ್ಕನೆಯ ಕತೆ 'ಚಹಾ ಬಟ್ಟಲಿನಲ್ಲಿ' ಇದಕ್ಕಿಂತ ತಮಾಷೆಯದು. ಕನ್ನಾಯ್ ಎಂಬ ಸಮುರಾಯ್ ಕುಡಿಯಲು ಎತ್ತಿದ ಬಟ್ಟಲಿನಲ್ಲಿ ಅಪರಿಚಿತನೊಬ್ಬನ ಮುಖ ಕಾಣುತ್ತದೆ. ಚೆಲ್ಲಿ ಮತ್ತೆ ತುಂಬಿದರೂ ಅದೇ ಮುಖ. ಸಿಟ್ಟಿನಲ್ಲಿ ಕುಡಿದುಬಿಡುತ್ತಾನೆ. ರಾತ್ರಿ ಆ ಮುಖದವನೇ ಎದುರು ಬಂದು ನಿಲ್ಲುತ್ತಾನೆ. ಕನ್ನಾಯ್ ಕತ್ತಿ ಬೀಸುತ್ತಾನೆ, ಬಂದವನು ಗೋಡೆಯೊಳಕ್ಕೆ ಮಾಯವಾಗುತ್ತಾನೆ. ಮರುದಿನ ಅವನ ಮೂವರು ಆಳುಗಳು ಬಂದು, ಒಡೆಯ ಗಾಯ ಮಾಗಿಸಿಕೊಂಡು ಮುಂದಿನ ತಿಂಗಳ 16ರಂದು ಬಂದು ಸೇಡು ತೀರಿಸಿಕೊಳ್ಳುತ್ತಾನೆ ಎನ್ನುತ್ತಾರೆ. ಹರ್ನ್ ಪ್ರಕಾರ ಹಳೆಯ ಪುಸ್ತಕದಲ್ಲಿ ಕತೆ ಅಲ್ಲಿಗೇ ತುಂಡಾಗಿದೆ; ಒಂದು ಆತ್ಮವನ್ನು ನುಂಗಿದವನ ಗತಿ ಏನಾಗಿರಬಹುದೆಂದು ನೀವೇ ಊಹಿಸಿಕೊಳ್ಳಿ ಎಂದು ಅವನು ಓದುಗರಿಗೇ ಬಿಟ್ಟುಕೊಡುತ್ತಾನೆ.

ಆದರೆ ಹರ್ನ್ ಬಳಸಿದ 18ನೆಯ ಶತಮಾನದ 'ಶಿನ್ ಚೊಮೊಂಜು' ಸಂಗ್ರಹದಲ್ಲಿ ಕತೆ ತುಂಡಾಗಿಲ್ಲ. ಕನ್ನಾಯ್ ಆಳುಗಳ ಮೇಲೆ ಬೀಳುತ್ತಾನೆ, ಅವರು ಗೋಡೆ ಹಾರಿ ಕಣ್ಮರೆಯಾಗುತ್ತಾರೆ, 'ಆಮೇಲೆ ಮತ್ತೆಂದೂ ಬರಲಿಲ್ಲ' ಎಂದು ಮುಗಿಯುತ್ತದೆ. ಈ ಕೊನೆಯ ಮಾತನ್ನು ಹರ್ನ್ ಮೆಲ್ಲಗೆ ಕಿತ್ತುಹಾಕಿ, ಪುಟವೇ ಸಿಕ್ಕಿಲ್ಲವೆಂಬಂತೆ ಮುಖ ಮಾಡಿಕೊಂಡು ಕೂತ. ನನ್ನ ಮಟ್ಟಿಗೆ ಇದು ಭಯದ ಸಾಹಿತ್ಯದಲ್ಲಿ ನಡೆದ ಅತ್ಯಂತ ಜಾಣ ಕಳ್ಳತನ. 'ಮತ್ತೆಂದೂ ಬರಲಿಲ್ಲ' ಎಂದರೆ ಓದುಗ ನಿರಾಳವಾಗಿ ಮಲಗುತ್ತಾನೆ. '16ರಂದು ಬರುತ್ತಾನೆ' ಎಂದು ನಿಲ್ಲಿಸಿದರೆ 16ನೆಯ ತಾರೀಖು ಎಂದಿಗೂ ಮುಗಿಯುವುದಿಲ್ಲ. ಕೊಬಯಾಶಿ ಇದರ ಸುತ್ತ ಇನ್ನೊಂದು ಕತೆ ಹೆಣೆದರು: ಈ ಕತೆಯನ್ನು ಬರೆಯುತ್ತಿದ್ದ ಲೇಖಕನೇ ಕಾಣೆಯಾಗುತ್ತಾನೆ, ಅವನನ್ನು ಹುಡುಕಿ ಬಂದವರಿಗೆ ಅವನ ಮುಖ ಎಲ್ಲಿ ಕಾಣುತ್ತದೆ ಎಂಬುದನ್ನು ನೋಡದವರಿಗಾಗಿ ಬಿಡುತ್ತೇನೆ.

ಇದೆಲ್ಲ ಏಕೆ ಎಂಬುದಕ್ಕೆ ಪದದಲ್ಲೇ ಸುಳಿವಿದೆ. 'ಕೈದಾನ್' (ಹಳೆಯ ಉಚ್ಚಾರ 'ಕ್ವೈದಾನ್') ಎಂದರೆ ವಿಚಿತ್ರ ಸಂಗತಿಯ ಮಾತು. ಕೊನೆಯ 'ದಾನ್' ಎಂದರೆ ಹೇಳುವುದು, ಮಾತಾಡುವುದು. ಅದು ಕಟ್ಟಿದ ಕತೆಗಿಂತ ಹೆಚ್ಚಾಗಿ ಸಾಕ್ಷಿ ನುಡಿ. 'ನಾನು ಕಂಡೆ', 'ನಮ್ಮೂರಿನವನೊಬ್ಬ ಕಂಡನಂತೆ'. ಕಂಡವನಿಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆಯೋ ಕತೆಯೂ ಅಲ್ಲಿಗೆ ಮುಗಿಯಬೇಕು. ಅದಕ್ಕಿಂತ ಹೆಚ್ಚು ಹೇಳಿದರೆ ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಎಂದೇ ಅರ್ಥ. ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, 1890ರಲ್ಲಿ ಜಪಾನಿಗೆ ಬಂದ ಹರ್ನ್ ಬಹುಪಾಲು ಕತೆಗಳನ್ನು ಕೇಳಿದ್ದು ಹೆಂಡತಿ ಸೆತ್ಸುವಿನ ಬಾಯಿಂದ. ದೀಪದ ಬತ್ತಿ ಇಳಿಸಿ ಅವಳು ಹೇಳಬೇಕು. ಪುಸ್ತಕ ನೋಡಿ ಓದಬಾರದು, ನಿನ್ನದೇ ಮಾತಿನಲ್ಲಿ ಹೇಳು ಎಂದು ಅವನು ಪಟ್ಟುಹಿಡಿಯುತ್ತಿದ್ದನೆಂದು ಸೆತ್ಸು ನೆನಪಿಸಿಕೊಂಡಿದ್ದಾಳೆ.

ನಮಗೆ ಇದು ಅರೆಬರೆ ಎನಿಸುವುದು ಸಹಜ. ನಾವು ಬೇತಾಳನ ಕತೆ ಕೇಳಿ ಬೆಳೆದವರು. ಅಲ್ಲಿ ದೆವ್ವವೇ ಪ್ರಶ್ನೆ ಕೇಳುತ್ತದೆ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆ. ಜಪಾನಿನಲ್ಲಿ ಅಪಾಯ ಇರುವುದು ಹೇಳಿ ಮುಗಿಸುವುದರಲ್ಲಿ. ಎದೊ ಕಾಲದಲ್ಲಿ (17ರಿಂದ 19ನೆಯ ಶತಮಾನ) 'ನೂರು ಕತೆಗಳ ಕೂಟ' ಎಂಬ ಆಟವಿತ್ತು. ನೀಲಿ ಕಾಗದ ಅಂಟಿಸಿದ ದೀಪದಲ್ಲಿ ನೂರು ಬತ್ತಿ ಹಚ್ಚುವುದು, ಒಬ್ಬೊಬ್ಬರಾಗಿ ಕತೆ ಹೇಳುವುದು, ಕತೆಗೊಂದರಂತೆ ಬತ್ತಿ ತೆಗೆಯುತ್ತ ಹೋಗುವುದು. ನೂರನೆಯದು ಆರಿದಾಗ ಕತ್ತಲೆಯಲ್ಲಿ ನಿಜವಾದದ್ದೇ ಬರುತ್ತದೆ ಎಂಬ ನಂಬಿಕೆ. ಹಾಗಾಗಿ 99ಕ್ಕೆ ನಿಲ್ಲಿಸಿ ಬೆಳಗಾಗುವುದನ್ನು ಕಾಯುತ್ತಿದ್ದರು. ಒಂದೇ ಕೂಟದಲ್ಲಿ ನೂರು ಹೇಳಬೇಕಾದರೆ ಒಂದೊಂದೂ ಚಿಕ್ಕದಿರಲೇಬೇಕಲ್ಲವೇ? ಸಣ್ಣ ಕತೆಗಳ ಮಾಲೆ, ಅದರ ಕೊನೆಯ ಮಣಿ ಮಾತ್ರ ಇಲ್ಲ: ಈ ಸಿನಿಮಾಗಳ ಅಚ್ಚು ಅಲ್ಲಿಯದೇ. ಮುಂದೆ ಬಂದ 'ಶಿನ್ ಮಿಮಿಬುಕುರೊ' ಎಂಬ ಹತ್ತು ಸಂಪುಟಗಳ ಸಂಗ್ರಹದಲ್ಲೂ ಸಂಪುಟಕ್ಕೆ 99 ಕತೆ. 2003ರಿಂದ ಅದು ಐದೈದು ನಿಮಿಷದ ಟೀವಿ ಕಂತುಗಳಾಯಿತು, ಮರುವರ್ಷ ಸಿನಿಮಾ ಆಯಿತು.

ನೀವು ನೋಡಿರುವ ಈಚಿನ ಚಿತ್ರಗಳಿಗೆ ಇನ್ನೊಬ್ಬ ಹತ್ತಿರದ ಹಿರಿಯನಿದ್ದಾನೆ. 1991ರಲ್ಲಿ ನೊರಿಯೊ ತ್ಸುರುತ ಎಂಬ ನಿರ್ದೇಶಕರು ವಿಡಿಯೊ ಮಾರುಕಟ್ಟೆಗಾಗಿ ಅಗ್ಗದಲ್ಲಿ ಸಣ್ಣ ಕತೆಗಳ ಸರಣಿ ತೆಗೆದರು. ಅದರ ಮೂಲ ಒಂದು ಕಾಮಿಕ್ಸ್ ಪತ್ರಿಕೆ. ಓದುಗರು ಬರೆದು ಕಳಿಸಿದ 'ನಿಜವಾಗಿ ನಡೆದ' ಅನುಭವಗಳನ್ನು ಚಿತ್ರಿಸುತ್ತಿದ್ದ ಪತ್ರಿಕೆ. ಮತ್ತದೇ ಸಾಕ್ಷಿ ನುಡಿ. ಪತ್ರ ಬರೆದ ಹುಡುಗಿಗೆ ತಾನು ಕಂಡ ಹೆಂಗಸು ಯಾರೆಂದು ಗೊತ್ತಿಲ್ಲ, ಹಾಗಾಗಿ ಸಿನಿಮಾಕ್ಕೂ ಗೊತ್ತಿಲ್ಲ. ತ್ಸುರುತ ಅವರ ದೆವ್ವ ಮೈಮೇಲೆ ಬೀಳುವುದಿಲ್ಲ. ದೂರದಲ್ಲಿ, ಮುಖ ಸ್ಪಷ್ಟವಾಗದಂತೆ, ಸುಮ್ಮನೆ ನಿಂತಿರುತ್ತದೆ. ಮುಂದೆ ಜಪಾನಿ ಭಯದ ಚಿತ್ರಗಳು ಲೋಕಪ್ರಸಿದ್ಧವಾದಾಗ ಎಲ್ಲರೂ ನಕಲು ಮಾಡಿದ್ದು ಈ ನಿಲುವನ್ನೇ. 1998ರಲ್ಲಿ ತಕಾಶಿ ಶಿಮಿಜು ಟೀವಿಗಾಗಿ ಮೂರು ನಿಮಿಷದ ಆಸುಪಾಸಿನ ಎರಡು ತುಣುಕು ತೆಗೆದರು. ಒಂದರಲ್ಲಿ ಹುಡುಗನಿಗೆ ಸಿಕ್ಕ ಫೋನಿಗೆ ಬರೀ 4ರ ಅಂಕಿಗಳಿರುವ ಸಂಖ್ಯೆಯಿಂದ ಕರೆ ಬರುತ್ತದೆ (ಜಪಾನಿಯಲ್ಲಿ ನಾಲ್ಕಕ್ಕೂ ಸಾವಿಗೂ 'ಶಿ' ಎಂಬ ಒಂದೇ ಸದ್ದು), ಎತ್ತಿದರೆ ಬೆಕ್ಕಿನ ಕೂಗು. ಅಷ್ಟೇ. 'ಜು-ಆನ್' ಸರಣಿಯ ತಾಯಿ ಮಗ ಮೊದಲು ಕಾಣಿಸಿಕೊಂಡದ್ದು ಆ ತುಣುಕುಗಳಲ್ಲೇ. ನನ್ನನ್ನು ಕೇಳಿದರೆ, ಆಮೇಲಿನ ಪೂರ್ಣ ಪ್ರಮಾಣದ ಚಿತ್ರಗಳಲ್ಲಿ ಅವರ ಹಿನ್ನೆಲೆಯನ್ನು ಬಿಡಿಸಿ ಹೇಳಿದಷ್ಟೂ ಭಯ ಸೋರಿಹೋಯಿತು.

ಜಪಾನಿನ ದೆವ್ವಗಳೆಲ್ಲ ಹೀಗೆ ಮೌನಿಗಳೆಂದು ತಿಳಿಯಬೇಡಿ. 1825ರ ಕಬುಕಿ ನಾಟಕ 'ಯೊತ್ಸುಯ ಕೈದಾನ್'ನಲ್ಲಿ ಗಂಡನ ದ್ರೋಹದಿಂದ ಸತ್ತ ಓಇವಾ ಯಾರು, ಏಕೆ ಬಂದಳು ಎಂಬುದರಲ್ಲಿ ಒಂದಿಷ್ಟೂ ಗುಟ್ಟಿಲ್ಲ. ಆದರೆ ಅದು ದೀರ್ಘವಾದ ರಂಗಪ್ರಯೋಗ, ಕೂಟದಲ್ಲಿ ಪಿಸುಗುಡುವ ಕತೆಯಲ್ಲ.

'ಕ್ವೈದಾನ್' ನೋಡುವುದಾದರೆ ಒಂದೇ ಕೂರಿಕೆಯಲ್ಲಿ ನೋಡಬೇಡಿ, ರಾತ್ರಿಗೊಂದು ಕತೆ ಸಾಕು. ನಾನಾದರೆ ಮೂರನೆಯದಾದ 'ಕಿವಿಯಿಲ್ಲದ ಹೊಯಿಚಿ'ಯಿಂದ ಶುರುಮಾಡುತ್ತೇನೆ. ದೆವ್ವಗಳ ಕಣ್ಣಿಗೆ ಬೀಳದಿರಲೆಂದು ಕುರುಡ ಗಾಯಕನ ಮೈತುಂಬ ಬರೆಯುವ ಮಂತ್ರ ನಮ್ಮ ಪ್ರಜ್ಞಾಪಾರಮಿತಾ ಹೃದಯ ಸೂತ್ರವೇ. ಹಾಗೆಯೇ ಅವಧಿಯನ್ನೊಮ್ಮೆ ಪರೀಕ್ಷಿಸಿಕೊಳ್ಳಿ. ಪೂರ್ಣ ಚಿತ್ರ 183 ನಿಮಿಷದ್ದು. ಅಮೆರಿಕದ ಬಿಡುಗಡೆಗಾಗಿ 'ಹಿಮದ ಹೆಂಗಸು' ಕತೆಯನ್ನು ಇಡಿಯಾಗಿ ಕತ್ತರಿಸಿದ್ದರು. ನಿಮ್ಮ ಪ್ರತಿ ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿದು, ಅದರಲ್ಲಿ ಮೂರೇ ಕತೆಗಳಿದ್ದರೆ ಬೇರೆ ಪ್ರತಿ ಹುಡುಕಿ.